ಬ್ಯಾರನ್ ಆರಿದ ಮೇಲೆ ಮಾತ್ರೆ ಯಾಕೆ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೊಡ್ಡಪ್ಪ ಬಿಪಿ ಮಾತ್ರೆ ಬಿಟ್ಟದ್ದಕ್ಕೆ ಅವರ ಮರೆವು ಕಾರಣವಲ್ಲ, ಹಟ ಕಾರಣವಲ್ಲ, ದೊಡ್ಡವ್ವನ ಉಪ್ಪಿನಕಾಯಿ ಅಂತೂ ಅಲ್ಲವೇ ಅಲ್ಲ. ಕಾರಣ ನಾನು. ಡಾಕ್ಟರು ಹೇಳದೇ ಇದ್ದ ಒಂದು ಮಾತನ್ನು, ಡಾಕ್ಟರ ದನಿಯಲ್ಲಿ, ಡಾಕ್ಟರಿಗಿಂತ ಚೆನ್ನಾಗಿ ಹೇಳಿಬಿಟ್ಟೆ. ನನ್ನ ಮಿಮಿಕ್ರಿ ಸ್ವಲ್ಪ ಕಳಪೆಯಾಗಿದ್ದಿದ್ದರೂ ದೊಡ್ಡಪ್ಪ ನಂಬುತ್ತಿರಲಿಲ್ಲ. ಏನು ಮಾಡೋದು, ಚೆನ್ನಾಗಿತ್ತು.

ನಾನು ಪಿರಿಯಾಪಟ್ಟಣದಲ್ಲಿ ನಮ್ಮ ಸೋದರಮಾವನ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುತ್ತೇನೆ. ಮಾತ್ರೆಯ ವಿಷಯ ಓದಿ ಪಾಸಾದವನೇ. ಪಾಸಾದ ಸುದ್ದಿ ಕೇಳಿ ಮಾವನೇ ಎರಡು ಸಲ ‘ನಿಜವಾಗ್ಲೂ?’ ಅಂದಿದ್ದರು. ಆದರೆ ನನ್ನ ನಿಜವಾದ ವಿದ್ಯೆ ಬೇರೆ. ಯಾರಾದರೂ ನನ್ನ ಮುಂದೆ ಸ್ವಲ್ಪ ಹೊತ್ತು ಮಾತಾಡಿದರೆ ಸಾಕು, ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಅವರ ದನಿ ನನ್ನ ಗಂಟಲಲ್ಲಿ ಕೂತಿರುತ್ತದೆ. ಕೆಮ್ಮು, ಉಗುಳು ನುಂಗುವುದು, ಚಿಲ್ಲರೆ ಇಲ್ಲ ಅನ್ನುವಾಗಿನ ಸಂಕಟ, ಎಲ್ಲಾ ಸಮೇತ. ಮಾವ ಊಟಕ್ಕೆ ಹೋದಾಗ ನಾನು ಮಾವನೇ ಆಗಿ ವ್ಯಾಪಾರ ಮಾಡಿದ್ದೂ ಉಂಟು. ಒಂದು ಸಲ ಫೋನಿನಲ್ಲಿ ಅತ್ತೆಗೇ ಗೊತ್ತಾಗದೆ, ಬರುವಾಗ ಸೊಪ್ಪು ತರೋಕೆ ಹೇಳಿಬಿಟ್ಟರು. ನಾನು ಆಗಲಿ ಅಂದೆ. ಮಾವ ಬರಿಗೈಲಿ ಮನೆಗೆ ಹೋದರು. ಆವತ್ತಿನ ವಿಷಯ ಇಲ್ಲಿ ಬೇಡ.

ಅಂಗಡಿಗೆ ಬರುವವರಿಂದ ನಾನು ಕಲಿತದ್ದು ಒಂದೇ. ಮಾತ್ರೆ ಕೊಡುವುದು ಕಷ್ಟವಲ್ಲ, ಅದು ಬಾಯಿಗೆ ಹೋಗುವುದು ಕಷ್ಟ. ಕೆ.ಆರ್. ನಗರದ ಕಡೆಯಿಂದ ಮಗಳ ಮನೆಗೆ ಬಂದು ಉಳಿದಿರುವ ಯಜಮಾನರೊಬ್ಬರು ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ ಮಾತ್ರೆ ನುಂಗುತ್ತಾರೆ. ಕೇಳಿದರೆ, “ಬಿಪಿ ಜಾಸ್ತಿ ಬಂದ್ರೆ ಡಾಕ್ಟ್ರು ಬೇಜಾರು ಮಾಡ್ಕತಾರೆ ಕಣಪ್ಪ, ಪಾಪ, ಒಳ್ಳೇ ಮನುಸ” ಅನ್ನುತ್ತಾರೆ. ಎಚ್.ಡಿ. ಕೋಟೆ ಕಡೆಯ ಒಬ್ಬ ಅಜ್ಜಿ ತನ್ನ ಮಂಡಿನೋವಿನ ಮಾತ್ರೆಯನ್ನು ಅಕ್ಕಪಕ್ಕದ ಮನೆಯವರಿಗೆಲ್ಲ ಪ್ರಸಾದದ ಹಾಗೆ ಹಂಚಿ, ತನಗೆ ಸಾಲಲಿಲ್ಲ ಅಂತ ಮತ್ತೆ ಬರುತ್ತಾರೆ. ಇವರನ್ನೆಲ್ಲ ನಾನು ಅಂಗಡಿಯಲ್ಲಿ ಮಾಡಿ ತೋರಿಸಿ ನಗಿಸುತ್ತಿದ್ದೆ. ನಮ್ಮ ಮನೆಯದೇ ಕೇಸು ಬಂದಾಗ ನಗು ಸ್ವಲ್ಪ ಕಡಿಮೆಯಾಯಿತು.

ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ. ಕಂಪಲಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಹಸಿ ಸೊಪ್ಪನ್ನು ಕಡ್ಡಿಗೆ ಪೋಣಿಸಿ, ಬ್ಯಾರನ್ ಎಂಬ ಎತ್ತರದ ಕೋಣೆಯೊಳಗೆ ಸಾಲುಸಾಲಾಗಿ ನೇತುಹಾಕಿ, ಹೊರಗಿನ ಒಲೆಯಿಂದ ಹದವಾಗಿ ಬಿಸಿ ಕೊಟ್ಟು ಬೇಯಿಸಬೇಕು. ಒಳಗೆ ಒಂದು ಥರ್ಮಾಮೀಟರ್ ತೂಗುತ್ತಿರುತ್ತದೆ. ಗೋಡೆಯ ಸಣ್ಣ ಗಾಜಿನ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡುತ್ತಲೇ ಇರಬೇಕು. ಬಿಸಿ ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರು ಉಳಿಯುತ್ತದೆ. ಆ ಕೆಲಸದಲ್ಲಿ ದೊಡ್ಡಪ್ಪ ಬಹಳ ಕಟ್ಟುನಿಟ್ಟು. ಸ್ವಂತ ಮದುವೆಯ ತಾರೀಖನ್ನು ಮರೆತಿದ್ದಾರೆ, ಬ್ಯಾರನ್ನಿನ ಬಿಸಿ ನೋಡುವುದನ್ನು ಮರೆತವರಲ್ಲ. ತಾರೀಖಿನ ವಿಷಯ ದೊಡ್ಡವ್ವ ಇನ್ನೂ ಮರೆತಿಲ್ಲ.

ಸೊಪ್ಪು ಮುರಿಯುವ ಕಾಲ ಶುರುವಾಗುವ ಮುಂಚೆ ದೊಡ್ಡಪ್ಪ ಕೊಪ್ಪಕ್ಕೆ ಹಗ್ಗ ತರಲು ಹೋಗಿದ್ದರು. ಅಂಗಡಿಯ ಮುಂದೆ ನಿಂತು ಚೌಕಾಸಿ ಮಾಡುತ್ತಿದ್ದ ಹಾಗೇ ಮಾತು ತೊದಲಿತು, ಬಾಯಿ ಒಂದು ಕಡೆಗೆ ವಾಲಿತು. ಅಂಗಡಿಯವನು ಇದೂ ಚೌಕಾಸಿಯ ಹೊಸ ವರಸೆ ಅಂದುಕೊಂಡನಂತೆ. ಪುಣ್ಯಕ್ಕೆ ಪಕ್ಕದಲ್ಲಿದ್ದವರು ಯಾರೋ ಕೂರಿಸಿ, ನಮಗೆ ಫೋನ್ ಮಾಡಿದರು. ಹುಣಸೂರಿಗೆ ಕರೆದುಕೊಂಡು ಓಡಿದೆವು. ಸಂಜೆಯ ಹೊತ್ತಿಗೆ ಬಾಯಿ ನೆಟ್ಟಗಾಗಿ, ದೊಡ್ಡಪ್ಪ ಆಸ್ಪತ್ರೆಯ ಇಡ್ಲಿಯನ್ನು ಬೈಯುವ ಮಟ್ಟಕ್ಕೆ ಬಂದರು. ನಾವೆಲ್ಲ ನಕ್ಕೆವು.

ಡಾಕ್ಟರು ನಗಲಿಲ್ಲ. ನಿಧಾನವಾಗಿ ಮಾತಾಡುವ ಮನುಷ್ಯ. ಮಾತಿಗೆ ಮುಂಚೆ ಕನ್ನಡಕ ತೆಗೆಯುತ್ತಾರೆ, ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ, ಆಮೇಲೆ ಒಂದೊಂದು ಸಾಲಿನ ಕೊನೆಗೂ ‘ತಿಳೀತಾ?’ ಅನ್ನುತ್ತಾರೆ. ನನ್ನನ್ನು ಪಕ್ಕಕ್ಕೆ ಕರೆದರು.

“ಇದು ಸಣ್ಣದಾಗಿ ಬಂದು ಹೋಗಿದೆ, ತಿಳೀತಾ? ಬಿಪಿ ಹತೋಟೀಲಿ ಇಲ್ದಿದ್ರೆ ಮತ್ತೆ ಬರಬಹುದು. ಆಗ ಕೈ ಹೋಗಬಹುದು, ಮಾತು ಹೋಗಬಹುದು. ಬೆಳಿಗ್ಗೆ ತಿಂಡಿ ಆದ್ಮೇಲೆ ಈ ಎರಡು ಮಾತ್ರೆ. ಒಂದು ದಿನವೂ ಬಿಡಬಾರದು. ತಿಳೀತಾ?”

ತಿಳಿಯಿತು. ಬಸ್ಸಿನಲ್ಲಿ ಬರುವಾಗ ಡಾಕ್ಟರ ದನಿಯನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಾ ಕೂತಿದ್ದೆ, ಅಭ್ಯಾಸ ಬಲ. ಆದರೆ ‘ಮಾತು ಹೋಗಬಹುದು’ ಅನ್ನುವಲ್ಲಿಗೆ ಬಂದಾಗ ಗಂಟಲು ಮುಂದೆ ಹೋಗಲಿಲ್ಲ. ನಾನು ಹುಟ್ಟಿ ಮೊದಲು ಕಲಿತ ದನಿ ದೊಡ್ಡಪ್ಪನದು. ಸಣ್ಣವನಿದ್ದಾಗ ಹಿತ್ತಲಿನಲ್ಲಿ ನಿಂತು ಅವರ ಹಾಗೆ ಕೂಗಿದರೆ ಆಳುಗಳು ಬೀಡಿ ಎಸೆದು ಗದ್ದೆಗಿಳಿಯುತ್ತಿದ್ದರು. ಜಗಲಿಯ ಮೇಲೆ ಕೂತು ಇಡೀ ಬೀದಿಯನ್ನು ಬಾಯಲ್ಲೇ ನಡೆಸುವ ಮನುಷ್ಯ ಅವರು. ಆ ಬಾಯಿ ನಿಂತುಹೋದರೆ ಉಳಿಯುವುದು ಏನು? ನನ್ನ ಗಂಟಲಲ್ಲಿರುವ ನಕಲು ಮಾತ್ರ.

ಮನೆಗೆ ಬಂದ ವಾರದಲ್ಲೇ ಗೊತ್ತಾಯಿತು, ದೊಡ್ಡಪ್ಪ ಮಾತ್ರೆ ತಗೊಳ್ಳುತ್ತಿಲ್ಲ. ದೊಡ್ಡವ್ವ ಕೈಗೆ ಕೊಟ್ಟರೆ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಚಾಪೆಯ ಕೆಳಗೆ ಸೇರಿಸುತ್ತಿದ್ದರು. ಚಾಪೆ ಕೊಡವಿದಾಗ ಕಡ್ಲೆಪುರಿ ಉದುರಿದ ಹಾಗೆ ಉದುರಿದವು.

“ನಾನು ಕೊಟ್ರೆ ನುಂಗಕ್ಕಿಲ್ಲ ಕಣ್ಲಾ ನಿಮ್ದೊಡ್ಡಪ್ಪ,” ಅಂದರು ದೊಡ್ಡವ್ವ. “ಎಂಡ್ತಿ ಏಳುದ್ದಕ್ಕೆ ನುಂಗಿದ್ರೆ ಮಾನ ಓಯ್ತದಂತೆ. ಚುಂಚನಕಟ್ಟೆಯಿಂದ ನನ್ನ ತಂದಾಗಿಂದ ಇದೇ ಕತೆ. ಗೆಣಸು ಬೇಯ್ಸಿ ಕೊಟ್ರೂ ಮೊದ್ಲು ನಾಯಿಗೆ ಆಕಿ ನೋಡ್ತಿದ್ರು.”

“ಸುಳ್ಳೇಳ್ಬ್ಯಾಡ ಕಣಮ್ಮಿ,” ಅಂತ ಒಳಗಿನಿಂದ ದೊಡ್ಡಪ್ಪ. “ನಾಯಿಗೆ ಆಕಿದ್ದು ನಿನ್ ಮುದ್ದೆಯ. ಗೆಣಸು ಚೆನ್ನಾಗಿತ್ತು.”

ಈ ಕೆಲಸ ನನಗೆ ಬಿಡಿ ಅಂದೆ. ಮೆಡಿಕಲ್ ಸ್ಟೋರಿನವನು, ಮೇಲಾಗಿ ಕಲಾವಿದ. ಮೊದಲು ದೊಡ್ಡಪ್ಪನ ಫೋನಿಗೆ ಡಾಕ್ಟರ ದನಿಯಲ್ಲೇ ಅಲಾರಾಂ ಮಾಡಿಟ್ಟೆ. “ಯಜಮಾನ್ರೇ, ಮಾತ್ರೆ ತಗೊಂಡ್ರಾ? ತಿಳೀತಾ?” ಅಂತ ಅದು ಬೆಳಿಗ್ಗೆ ಕೂಗುತ್ತಿತ್ತು. ದೊಡ್ಡಪ್ಪ ಹೆಗಲ ಟವೆಲ್ಲು ಇಳಿಸಿ, “ತಕ್ಕೊಂಡೆ ಸ್ವಾಮಿ” ಅಂತ ಫೋನಿಗೆ ಮರ್ಯಾದೆಯಿಂದ ಹೇಳಿ, ಅದೇ ಟವೆಲ್ಲನ್ನು ಫೋನಿನ ಮೇಲೆ ಹೊದಿಸಿ ಎದ್ದು ಹೋಗುತ್ತಿದ್ದರು. ಡಾಕ್ಟರಿಗೆ ಮರ್ಯಾದೆ ಸಿಕ್ಕಿತು, ಮಾತ್ರೆಗೆ ಸಿಗಲಿಲ್ಲ.

ಆಮೇಲೆ ವಾರದ ದಿನಕ್ಕೊಂದು ಗೂಡು ಇರುವ ಪ್ಲಾಸ್ಟಿಕ್ ಡಬ್ಬಿ ತಂದೆ. ಸೋಮವಾರದ ಗೂಡು ಯಾವಾಗಲೂ ತುಂಬಿಯೇ ಇರುತ್ತಿತ್ತು. ಸೋಮವಾರ ದೊಡ್ಡಪ್ಪನಿಗೆ ಒಪ್ಪತ್ತು. ತಿಂಡಿ ಇಲ್ಲ ಅಂದ ಮೇಲೆ ತಿಂಡಿ ಆದಮೇಲಿನ ಮಾತ್ರೆಯೂ ಇಲ್ಲ, ಅದು ಅವರ ಲೆಕ್ಕ. ಮಿಕ್ಕ ದಿನದ ಗೂಡುಗಳು ಏನಾದವೋ ನೋಡೋಣ ಅಂತ ಇನ್ನೊಂದು ವಾರ ಬಂದರೆ, ಡಬ್ಬಿ ಅಡುಗೆಮನೆ ಸೇರಿತ್ತು. ಸಾಸಿವೆ, ಜೀರಿಗೆ, ಮೆಂತ್ಯ, ಮೆಣಸು.

“ಎಷ್ಟು ಚೆಂದಾಗದೆ ನೋಡ್ಲಾ ಇದು,” ಅಂತ ದೊಡ್ಡವ್ವ ಮುಚ್ಚಳ ತೆಗೆದು ತೋರಿಸಿದರು. “ಇನ್ನೊಂದ್ ತಕ್ಕೊಂಬಾ. ನಮ್ಮಕ್ಕಂಗೂ ಬೇಕಂತೆ.”

ಅಷ್ಟರಲ್ಲಿ ಸೊಪ್ಪಿನ ಕಾಲ ಬಂದು ಬ್ಯಾರನ್ನಿನ ಒಲೆ ಹೊತ್ತಿತು. ಊರಿನಲ್ಲೆಲ್ಲ ಬೇಯುವ ಸೊಪ್ಪಿನ ವಾಸನೆ. ನಾನು ಒಂದು ಬೆಳಿಗ್ಗೆ ಹೋದಾಗ ದೊಡ್ಡಪ್ಪ ತಿಂಡಿ ಮುಗಿಸಿ, ಬಾಯಿ ಒರೆಸಿಕೊಂಡು, ಬಾಗಿಲ ಪಕ್ಕದ ಮೊಳೆಯಿಂದ ಟಾರ್ಚ್ ತೆಗೆದು ಬ್ಯಾರನ್ ಕಡೆ ಹೊರಟರು. ಯಾರೂ ಹೇಳಲಿಲ್ಲ, ಅಲಾರಾಂ ಕೂಗಲಿಲ್ಲ. ಮಾರನೇ ದಿನ ಹೋದೆ, ಅದೇ. ತಿಂಡಿ, ಟವೆಲ್ಲು, ಟಾರ್ಚು. ನನ್ನ ತಲೆಯಲ್ಲೂ ಒಂದು ಟಾರ್ಚ್ ಹತ್ತಿತು. ಮಾತ್ರೆಯನ್ನು ಟಾರ್ಚಿಗೇ ಕಟ್ಟಿಬಿಟ್ಟರೆ?

ದೊಡ್ಡವ್ವನ ಹಳೆಯ ಸುಣ್ಣದ ಡಬ್ಬಿಯೊಂದನ್ನು ತೊಳೆದು ಒಣಗಿಸಿ, ಅದರಲ್ಲಿ ಮಾತ್ರೆಗಳನ್ನು ಇಟ್ಟು, ಟಾರ್ಚಿನ ಬಾಲಕ್ಕೆ ದಾರದಲ್ಲಿ ಬಿಗಿದೆ. ಇನ್ನು ದೊಡ್ಡಪ್ಪ ಒಪ್ಪಬೇಕು. ಒಲೆಯ ಮುಂದೆ ಸೌದೆ ಒಳಗೆ ತಳ್ಳುತ್ತಾ ಕೂತಿದ್ದರು.

“ನಂಗೇನಾಗದೆ ಈಗ?” ಅಂದರು. “ಬಾಯಿ ನೆಟ್ಗಾಯ್ತಲ್ಲ. ನೆಟ್ಗಿರೋ ಬಾಯ್ಗೆ ಯಾಕ್ಲಾ ಔಸದಿ?”

ಇಲ್ಲಿ ನಾನು ಸುಮ್ಮನೆ ನಿಜ ಹೇಳಬಹುದಿತ್ತು. ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಹೇಳಬಹುದಿತ್ತು. ಆದರೆ ‘ಮಾತು ಹೋಗಬಹುದು’ ಅನ್ನುವುದನ್ನು ಅವರ ಮುಖ ನೋಡಿಕೊಂಡು ಹೇಳಲು ನನಗೆ ಧೈರ್ಯ ಬರಲಿಲ್ಲ. ಜೊತೆಗೆ ಎದುರಿಗೆ ಬೆಂಕಿ ಉರಿಯುತ್ತಿತ್ತು. ಕಲಾವಿದನಿಗೆ ಅಷ್ಟು ಸಾಕು. ಇಲ್ಲದ ಕನ್ನಡಕ ತೆಗೆದೆ, ಒರೆಸಿದೆ, ಹಾಕಿಕೊಂಡೆ.

“ನೋಡೀ ಯಜಮಾನ್ರೇ, ನೀವು ಬ್ಯಾರನ್ ಒಲೆ ಮುಂದೆ ಕೂರೋರು. ಆ ಝಳ ಮೈಯೊಳಗೆ ಇಳಿದು ರಕ್ತಾನ ಕುದಿಸ್ತದೆ, ತಿಳೀತಾ? ಕುದ್ದ ರಕ್ತ ತಲೆಗೇರ್ತದೆ. ಅದನ್ನ ತಣ್ಣಗೆ ಮಾಡೋಕೇ ಈ ಮಾತ್ರೆ. ಒಲೆ ಮುಂದೆ ಕೂರೋರು ಇದನ್ನ ಬಿಡೋ ಹಾಗೇ ಇಲ್ಲ. ತಿಳೀತಾ?”

ದೊಡ್ಡಪ್ಪ ಸೌದೆ ತಳ್ಳುವುದನ್ನು ನಿಲ್ಲಿಸಿದರು. ಒಲೆಯ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದರು.

“ಇಂಗಂದ್ರಾ ಡಾಕ್ಟ್ರು?”

“ಇನ್ನೇನು ದೊಡ್ಡಪ್ಪ, ನಾನೇ ಕಟ್ಟಿ ಏಳ್ತೀನಾ?”

ನಾನೇ ಕಟ್ಟಿ ಹೇಳಿದ್ದೆ. ನಮ್ಮ ಊರಿನಲ್ಲಿ ಇದೊಂದು ತೊಂದರೆ. ನಾನು ಯಾರದಾದರೂ ದನಿ ಮಾಡಿದರೆ ಅದನ್ನು ಆಟ ಅಂತ ತಗೊಳ್ಳುವುದಿಲ್ಲ, ಸುದ್ದಿ ಅಂತ ತಗೊಳ್ಳುತ್ತಾರೆ. ‘ಅವನು ಇಷ್ಟು ಸರಿಯಾಗಿ ಮಾಡ್ತಾನೆ ಅಂದ್ರೆ ಅವರು ಅಂಗೇ ಅಂದಿರಬೇಕು’ ಅನ್ನುವ ವಾದ. ದೊಡ್ಡಪ್ಪ ಡಬ್ಬಿಯ ಮುಚ್ಚಳ ತೆಗೆದು, ಎರಡೂ ಮಾತ್ರೆಯನ್ನು ಬಾಯಿಗೆ ಎಸೆದುಕೊಂಡು, ತಂಬಿಗೆ ಎತ್ತಿ ನೀರು ಕುಡಿದರು. “ಅದನ್ನ ಮೊದ್ಲೇ ಏಳಾಕೇನಾಗಿತ್ತು ನಿಂಗೆ?” ಅಂತ ನನಗೇ ಬೈದರು.

ಆವತ್ತಿನಿಂದ ಒಂದು ದಿನ ತಪ್ಪಲಿಲ್ಲ. ಸೋಮವಾರವೂ ತಪ್ಪಲಿಲ್ಲ, ಒಪ್ಪತ್ತಿನ ದಿನ ಎರಡು ಬಾಳೆಹಣ್ಣು ತಿಂದು ಟಾರ್ಚ್ ಎತ್ತುತ್ತಿದ್ದರು. ಒಲೆಗೆ ಒಪ್ಪತ್ತು ಉಂಟೇ? ಪರೀಕ್ಷೆಗೆ ಹುಣಸೂರಿಗೆ ಹೋದಾಗ ಡಾಕ್ಟರು ಬಿಪಿ ನೋಡಿ, ಕನ್ನಡಕ ಒರೆಸಿ, “ಭೇಷ್” ಅಂದರು. ನಾನು ಅಂಗಡಿಗೆ ಬಂದು ಆ ‘ಭೇಷ್’ ಅನ್ನು ಬಂದವರಿಗೆಲ್ಲ ಮಾಡಿ ತೋರಿಸಿದೆ. ಮಾತ್ರೆ ಮರೆಯುವವರಿಗೆ ನಾನೇ ಗುರು ಅನ್ನುವಷ್ಟಾಯಿತು. ದಿನಾ ಮಾಡುವ ಒಂದು ಕೆಲಸ ಹುಡುಕಿ, ಅದಕ್ಕೆ ಮಾತ್ರೆ ಕಟ್ಟಿ ಅಂತ ಉಪದೇಶ. ಮಾವ ಗಲ್ಲಾದಲ್ಲಿ ಕೂತು, “ಇವನ ಬಾಯಿಗೆ ಏನು ಕಟ್ಟೋದು ಅಂತ ಯಾರಾದ್ರೂ ಹೇಳ್ರಪ್ಪ” ಅನ್ನುತ್ತಿದ್ದರು.

ಸೊಪ್ಪಿನ ಕಾಲ ಮುಗಿಯಿತು. ಕೊನೆಯ ಸಲದ ಸೊಪ್ಪು ಇಳಿಸಿ, ಒಲೆಯ ಬೂದಿ ತೆಗೆದು, ಕಡ್ಡಿಗಳನ್ನೆಲ್ಲ ಕಟ್ಟಿಟ್ಟರು. ಅವರ ಮನೆಯಲ್ಲಿ ಒಂದು ಪದ್ಧತಿ. ಬ್ಯಾರನ್ ಆರಿದ ದಿನ ಒಲೆಯ ಬಾಯಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಥರ್ಮಾಮೀಟರು, ಟಾರ್ಚು, ಸೌದೆ ತಳ್ಳುವ ಕೋಲು, ಎಲ್ಲವನ್ನೂ ಹಳೆಯ ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಾರೆ. ಮುಂದಿನ ಬೆಂಕಿಯವರೆಗೆ ಅವನ್ನು ಮುಟ್ಟುವ ಹಾಗಿಲ್ಲ. ಆವತ್ತು ನಾನೂ ಇದ್ದೆ. ಕಾಯಿ ಹೋಳು ತಿನ್ನುತ್ತಾ ಏಣಿ ಹಿಡಿದುಕೊಂಡಿದ್ದೆ. ದೊಡ್ಡಪ್ಪ ಟಾರ್ಚಿನ ಬ್ಯಾಟರಿ ತೆಗೆದು ನನ್ನ ಕೈಗೆ ಕೊಟ್ಟರು. ಟಾರ್ಚು ಚೀಲದೊಳಗೆ ಹೋಯಿತು. ಅದರ ಬಾಲದ ಡಬ್ಬಿಯೂ ಹೋಯಿತು. ಏಣಿ ಹಿಡಿದವನು, ಮೆಡಿಕಲ್ ಸ್ಟೋರಿನವನು, ಮಾತ್ರೆಯ ಗುರು, ಬಾಯಿ ತುಂಬ ಕಾಯಿ ಇಟ್ಟುಕೊಂಡು ನೋಡುತ್ತಾ ನಿಂತಿದ್ದ. ಏನೂ ಹೊಳೆಯಲಿಲ್ಲ.

ಆಮೇಲೂ ಹೊಳೆಯಲಿಲ್ಲ. ದೊಡ್ಡಪ್ಪನ ಮಾತ್ರೆಯ ಹೊಸ ಶೀಟು ಅಂಗಡಿಯಿಂದ ಹೋಗುತ್ತಿಲ್ಲ ಅನ್ನುವುದು ಬೇರೆ ಯಾರಿಗಲ್ಲದಿದ್ದರೂ ನನಗೆ ಗೊತ್ತಾಗಬೇಕಿತ್ತು. ನಾನಿಲ್ಲದಾಗ ಮಾವ ಕೊಟ್ಟಿರಬೇಕು ಅಂದುಕೊಂಡೆ. ಮಾವ, ಇವನೇ ಮನೆಗೆ ಒಯ್ದಿರಬೇಕು ಅಂದುಕೊಂಡರು. ದೊಡ್ಡಪ್ಪ ಜಗಲಿಯ ಮೇಲೆ ಆರಾಮಾಗಿದ್ದರು. ಸೊಪ್ಪಿನ ಹರಾಜಿಗೆ ಹೋಗಿ ಬರುತ್ತಿದ್ದರು. ಅವರ ಬಾಯಿಗೆ ಏನೂ ಆಗಿಲ್ಲ ಅನ್ನುವುದು ಇಡೀ ಬೀದಿಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ದೊಡ್ಡವ್ವ ಅಂಗಡಿಗೆ ಬಂದರು. ಕಾಲಿನ ಬಿರುಕಿಗೆ ಹಚ್ಚುವ ಮುಲಾಮು ಬೇಕಿತ್ತು. ಕೊಟ್ಟೆ. ಬಿಸಿಲಲ್ಲಿ ಬಂದಿದ್ದರು, ಫ್ಯಾನಿನ ಕೆಳಗೆ ಕೂರಿಸಿ ನೀರು ಕೊಟ್ಟೆ. ಹಾಗೇ ಮಾತಿಗೆ, “ದೊಡ್ಡಪ್ಪಂಗೆ ಮಾತ್ರೆ ಅದಾವಾ, ಕೊಡ್ಲಾ?” ಅಂದೆ.

“ಯಾಕ್ಲಾ ಮಾತ್ರೆ?” ಅಂದರು ದೊಡ್ಡವ್ವ. “ಬ್ಯಾರನ್ ಆರಿ ಎಷ್ಟೋ ದಿನ ಆಯ್ತಲ್ಲ.”

ನನಗೆ ಮೊದಲು ಅರ್ಥವಾಗಲಿಲ್ಲ.

“ಬೆಂಕಿ ಮುಂದೆ ಕುಂತಾಗ ತಾನೆ ಆ ಮಾತ್ರೆ?” ಅಂದರು ಅವರು. “ರಕ್ತ ಕುದೀತದೆ ಅಂತ ಡಾಕ್ಟ್ರೇ ಏಳವ್ರಂತಲ್ಲ. ಈಗೆಲ್ಲಿ ಬೆಂಕಿ? ತಣ್ಣಗಿರೋ ರಕ್ತವ ಇನ್ನೂ ತಣ್ಣಗೆ ಮಾಡಿದ್ರೆ ಸೀತ ಆಯ್ತದೆ ಅಂತ ನಿಮ್ದೊಡ್ಡಪ್ಪ ನಿಲ್ಲಿಸ್ಬುಟ್ರು. ನಂಗೂ ಸರಿ ಅನ್ನುಸ್ತು. ಬರಗಾಲದಲ್ಲಿ ಯಾರಾದ್ರೂ ಕೊಡೆ ಇಡ್ಕಂಡು ತಿರುಗ್ತಾರಾ?”

ಫ್ಯಾನ್ ತಿರುಗುತ್ತಿತ್ತು. ಮಾವ ಗಲ್ಲಾದಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು.

“ಓಗು,” ಅಂದರು ಮಾವ, ಬೈಕಿನ ಕೀ ಎಸೆದು. “ನಿಂತ್ಕೊಂಡೇನ್ ನೋಡ್ತಿದ್ದೀಯ?”

ದೊಡ್ಡವ್ವನನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೋದೆ. ದಾರಿಯುದ್ದಕ್ಕೂ ಅವರು, “ಯಾಕ್ಲಾ ಇಂಗ್ ಓಡುಸ್ತೀಯ, ಮುಲಾಮು ಬಿದ್ದೋಯ್ತದೆ” ಅನ್ನುತ್ತಿದ್ದರು. ಜಗಲಿಯ ಮೇಲೆ ದೊಡ್ಡಪ್ಪ ಕಡ್ಲೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನು ಬಂದವನೇ ಅವರ ಬಾಯಿಯನ್ನು ನೋಡಿದೆ. ನೆಟ್ಟಗಿತ್ತು. “ಏನ್ಲಾ, ಎಮ್ಮೆ ಅಲ್ಲು ನೋಡ್ದಂಗ್ ನೋಡ್ತೀಯ?” ಅಂದರು. ಅಷ್ಟು ಬೈಗುಳಕ್ಕೇ ನನಗೆ ಜೀವ ಬಂದ ಹಾಗಾಯಿತು.

ನಾನೇನೂ ವಿವರಿಸಲಿಲ್ಲ. “ಪರೀಕ್ಷೆಗೆ ಬರಬೇಕಂತೆ” ಅಂದೆ, ನನ್ನ ಸ್ವಂತ ದನಿಯಲ್ಲೇ. ಮಾವನ ಪರಿಚಯದವರ ಕಾರು ಹಿಡಿದು ಹುಣಸೂರಿಗೆ ಕರೆದುಕೊಂಡು ಹೋದೆ.

ಡಾಕ್ಟರು ದೊಡ್ಡಪ್ಪನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು. ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

“ಯಜಮಾನ್ರೇ, ಮಾತ್ರೆ ಬಿಟ್ಟಿದ್ದೀರಾ?”

“ಬ್ಯಾರನ್ ಆರ್ತಲ್ಲ ಸ್ವಾಮಿ,” ಅಂದರು ದೊಡ್ಡಪ್ಪ, ಇದೇನು ಕೇಳುವ ಮಾತೇ ಅನ್ನುವ ಹಾಗೆ. “ನೀವೇ ಏಳಿದ್ರಲ್ಲ, ಒಲೆ ಮುಂದೆ ಕೂರೋರಿಗೆ ಅಂತ.”

“ನಾನಾ?”

“ಊಂ. ಝಳ ಇಳುದು ರಕ್ತ ಕುದೀತದೆ ಅಂತ.”

ಡಾಕ್ಟರು ನಿಧಾನವಾಗಿ ನನ್ನ ಕಡೆ ತಿರುಗಿದರು. ಗೋಡೆಯ ಮೇಲೆ ಹೃದಯದ ಚಿತ್ರವೊಂದಿತ್ತು. ನಾನು ಅದನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ದೊಡ್ಡಪ್ಪನೂ ನನ್ನ ಕಡೆ ತಿರುಗಿದರು. ಕಡ್ಲೆಕಾಯಿಯ ಸಿಪ್ಪೆ ಇನ್ನೂ ಅವರ ಅಂಗಿಯ ಮೇಲಿತ್ತು.

ಹೇಳಿದೆ. ಎಲ್ಲವನ್ನೂ ಹೇಳಿದೆ. ಒಲೆ ಉರಿಯುತ್ತಿದ್ದದ್ದು, ನಾನು ಕನ್ನಡಕ ಒರೆಸಿದ್ದು, ಕಟ್ಟಿ ಹೇಳಿದ್ದು. “ಮಾಡಿ ತೋರಿಸಿ ನೋಡೋಣ” ಅಂದರು ಡಾಕ್ಟರು. ಜೀವಮಾನದಲ್ಲಿ ಮೊದಲ ಸಲ ನಾನು ಮಿಮಿಕ್ರಿ ಮಾಡಲು ಒಲ್ಲೆ ಅಂದೆ.

ಡಾಕ್ಟರು ಬೈಯಲಿಲ್ಲ. ಕುರ್ಚಿಯನ್ನು ದೊಡ್ಡಪ್ಪನ ಹತ್ತಿರಕ್ಕೆ ಎಳೆದುಕೊಂಡು, ಅವತ್ತು ನನಗೆ ಹೇಳಿದ್ದನ್ನು ಅವರಿಗೇ ಹೇಳಿದರು. ಇದು ಬೆಂಕಿಯ ಕಾಯಿಲೆ ಅಲ್ಲ. ಬೆಂಕಿ ಇರಲಿ ಬಿಡಲಿ, ಬೇಸಿಗೆ ಇರಲಿ ಮಳೆ ಇರಲಿ, ಬಿಪಿ ತನ್ನ ಪಾಡಿಗೆ ಏರುತ್ತಲೇ ಇರುತ್ತದೆ. ಏರಿದ್ದು ಹೊರಗೆ ಕಾಣುವುದಿಲ್ಲ. ಮತ್ತೆ ಬಂದರೆ ಕೈ ಹೋಗಬಹುದು, ಮಾತು ಹೋಗಬಹುದು. ಇರುವವರೆಗೂ ತಗೊಳ್ಳಬೇಕು. ಅಷ್ಟನ್ನೂ ನಿಧಾನವಾಗಿ ಹೇಳಿದರು. ನಾನು ಹೇಳಲು ಹೆದರಿದ್ದ ಮಾತು ಅವರ ಬಾಯಲ್ಲಿ ಮಾಮೂಲಿ ಮಾತಿನ ಹಾಗೇ ಬಂತು. ದೊಡ್ಡಪ್ಪ ಕೈಮುಗಿದುಕೊಂಡೇ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

“ಮಾತು ಓದ್ರೆ, ಪೂರ್ತಿ ಓಯ್ತದಾ ಸ್ವಾಮಿ?”

“ಹೋಗಬಹುದು.”

ದೊಡ್ಡಪ್ಪ ತಲೆಯಾಡಿಸಿದರು. ಕಾರಿನಲ್ಲಿ ಊರು ಬರುವವರೆಗೂ ಒಂದು ಮಾತಾಡಲಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಹೊರಗೆ ಖಾಲಿ ಹೊಲಗಳು, ಆರಿದ ಬ್ಯಾರನ್ನುಗಳು ಒಂದಾದ ಮೇಲೊಂದು ಹೋಗುತ್ತಿದ್ದವು. ಮಾತು ಹೋದ ಮನೆ ಹೇಗಿರುತ್ತದೆ ಅಂತ ಆ ದಾರಿಯಲ್ಲಿ ನನಗೆ ಸ್ವಲ್ಪ ಗೊತ್ತಾಯಿತು.

ಮನೆಗೆ ಬಂದ ಕೂಡಲೇ ದೊಡ್ಡಪ್ಪ ತಾವಾಗಿಯೇ ಆವತ್ತಿನ ಮಾತ್ರೆ ನುಂಗಿದರು, ದೊಡ್ಡವ್ವನ ಕೈಯಿಂದಲೇ ನೀರು ಇಸಿದುಕೊಂಡು. ದೊಡ್ಡವ್ವ ನನಗೆ ಕಣ್ಸನ್ನೆ ಮಾಡಿ, ಸುಮ್ಮನಿರು ಅಂದರು. ಆಮೇಲೆ ಜಗಲಿಯ ಮೇಲೆ ಸಭೆ ಸೇರಿತು. ಮನಸ್ಸೇನೋ ಗಟ್ಟಿಯಾಗಿತ್ತು, ದಿನಾ ನೆನಪಾಗುವುದು ಹೇಗೆ? ಮಾಡಿದ ತಪ್ಪು ತಿದ್ದಬೇಕಲ್ಲ, ನಾನೇ ಶುರುಮಾಡಿದೆ.

“ದೊಡ್ಡಪ್ಪ, ಡೈರಿಗೆ ಹಾಲು ಹಾಕಿ ಬರ್ತೀರಲ್ಲ, ಆ ಕ್ಯಾನಿಗೆ ಕಟ್ಟಾಣ. ಅದಕ್ಕೆ ಸೀಜನ್ನು ಇಲ್ಲ.”

“ಅಸ ಆಲು ಬತ್ತಿಸ್ಕತದಲ್ಲ, ಆಗ?” ಅಂದರು ದೊಡ್ಡಪ್ಪ. ಮಾತು ವಾಪಸ್ಸು ಬಂದಿತ್ತು. “ಅದರ ಜೊತೇಲಿ ನಾನೂ ಬತ್ತಿಸ್ಕಳ್ನಾ?”

“ಅಂಗಾದ್ರೆ ಪೇಪರು. ದಿನಾ ಬೆಳಿಗ್ಗೆ ಓದ್ತೀರ.”

“ಅಬ್ಬದ ಮಾರನೇ ದಿನ ಪೇಪರಿಲ್ಲ.”

“ಟೀವಿ ಧಾರಾವಾಹಿ?”

“ಅದು ಮುಗುದ್ರೆ?”

“ಅದು ಮುಗಿಯಕ್ಕಿಲ್ಲ ಬುಡಿ,” ಅಂದರು ದೊಡ್ಡವ್ವ, ಒಳಗಿನಿಂದ ತಿಂಡಿಗೆ ಅಕ್ಕಿ ನೆನೆಹಾಕುತ್ತಾ. “ಆದ್ರೆ ಅದು ಬರಾದು ಸಂಜೆಗೆ.”

ನಾನು ಇನ್ನೂ ಏನೇನೋ ಹೇಳಿದೆ. ಕ್ಷೌರದ ಕನ್ನಡಿ, ದೇವರ ಮನೆಯ ಗಂಟೆ, ನಮ್ಮೂರಿಗೆ ಬರುವ ಬೆಳಗಿನ ಬಸ್ಸಿನ ಹಾರನ್ನು. ಬಸ್ಸಿನ ಹಾರನ್ನನ್ನು ಮಾಡಿಯೂ ತೋರಿಸಿದೆ. ಎದುರು ಮನೆಯವರು ಚೀಲ ಹಿಡಿದುಕೊಂಡು ಹೊರಗೆ ಬಂದು, ನನ್ನನ್ನು ನೋಡಿ, ಬೈದುಕೊಂಡು ಒಳಗೆ ಹೋದರು. ದೊಡ್ಡಪ್ಪ ಒಂದೊಂದಕ್ಕೂ ಒಂದೊಂದು ತಕರಾರು ತೆಗೆದರು. ಕೊನೆಗೆ ನನ್ನ ಬತ್ತಳಿಕೆ ಖಾಲಿಯಾಯಿತು. ಬೇರೆ ದಾರಿ ಕಾಣದೆ, ನನ್ನ ಮಾಮೂಲಿ ದನಿಯಲ್ಲಿ, ಯಾರ ಹಾಗೂ ಮಾಡದೆ ಕೇಳಿದೆ:

“ಮತ್ತೆ ಯಾವುದಕ್ಕೆ ಕಟ್ಟಲಿ ದೊಡ್ಡಪ್ಪ? ನೀವೇ ಏಳಿ. ನಂಗೆ ಭಯ ಆಯ್ತದೆ.”

ದೊಡ್ಡಪ್ಪ ಅಂಗಿಯ ಮೇಲೆ ಉಳಿದಿದ್ದ ಕಡ್ಲೆಕಾಯಿ ಸಿಪ್ಪೆಯನ್ನು ಕೊಡವಿಕೊಂಡರು. ಆಮೇಲೆ, ಆಚೆ ಬೀದಿಗೂ ಕೇಳುವ ಹಾಗೆ ಹೇಳಿದರು:

“ಯಾವ್ದುಕ್ಕೂ ಕಟ್ಬ್ಯಾಡ ಬುಡ್ಲಾ. ದಿನಾ ತಿಂಡಿ ಒತ್ಗೆ ನೀನೇ ಬಂದು ಇಲ್ಲಿ ಕುಂತ್ಕೊ. ನಿನ್ ಮೊಖ ನೋಡ್ತಿದ್ದಂಗೇ ನಂಗೆ ಬಿಪಿ ಏರ್ತದೆ, ಮಾತ್ರೆ ತಾನಾಗೇ ಗ್ಯಾಪ್ಕ ಬತ್ತದೆ.”